ತವರಿಗೆ ಹೋದವಳ ಸಾಲು

ಈ ವರ್ಷದ ಮಳೆಗಾಲದಲ್ಲಿ ಇಲಾಖೆಯ ಒಂದು ತರಬೇತಿಗೆಂದು ನಂಜನಗೂಡಿಗೆ ಹೋಗಿದ್ದೆ. ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಜೊತೆಯ ಹುಡುಗಿಯರು ಹೊಳೆ ನೋಡೋಣ ಬನ್ನಿ ಎಂದು ಎಳೆದುಕೊಂಡು ಹೋದರು. ಅಣೆಕಟ್ಟೆಯಿಂದ ನೀರು ಬಿಟ್ಟಿದ್ದರು. ಹದಿನಾರುಕಾಲು ಮಂಟಪ ಅರ್ಧ ಮುಳುಗಿತ್ತು. ಸ್ನಾನಘಟ್ಟದ ಮೆಟ್ಟಿಲು ಒಂದೂ ಕಾಣುತ್ತಿರಲಿಲ್ಲ. ಪೊಲೀಸಿನವರು ಹಗ್ಗ ಕಟ್ಟಿ ಜನರನ್ನು ಈಚೆಗೇ ನಿಲ್ಲಿಸಿದ್ದರು. ಹುಡುಗಿಯರು ಫೋಟೊ ತೆಗೆದುಕೊಳ್ಳುತ್ತಿದ್ದರು. ನನಗೆ ಆ ಕೆಂಪು ನೀರಿನ ವಾಸನೆ, ಕೊಳೆತ ಸೊಪ್ಪೂ ಹಸಿ ಮಣ್ಣೂ ಬೆರೆತ ವಾಸನೆ, ಮೂಗಿಗೆ ಬಡಿದದ್ದೇ ಹಗ್ಗ ಬಿಟ್ಟು ಹಿಂದಕ್ಕೆ ಸರಿದೆ. ಏನಾಯಿತು ಎಂದು ಅವರು ಕೇಳಿದ್ದಕ್ಕೆ ಏನೂ ಇಲ್ಲ ಎಂದು ಹೇಳಿ, ಒಬ್ಬಳೇ ಹಿಂದಕ್ಕೆ ಬಂದು ತರಬೇತಿಯ ಕೋಣೆಯಲ್ಲಿ ಕುಳಿತೆ. ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲದ ಸಂಗತಿಯನ್ನು ನಾನು ಹೊರಗಿನ ಯಾರಿಗೂ ಪೂರ್ತಿಯಾಗಿ ಹೇಳಿಲ್ಲ. ಈಗ ಬರೆಯುತ್ತಿದ್ದೇನೆ.

ನಾನು ಸರ್ಕಾರಿ ಆರೋಗ್ಯ ಕಾರ್ಯಕರ್ತೆ. ಊರವರ ಬಾಯಲ್ಲಿ ನರ್ಸಮ್ಮ, ಇಲಾಖೆಯವರ ಬಾಯಲ್ಲಿ ಸಿಸ್ಟರ್, ಮನೆಯಲ್ಲಿ ಮಂಗಳಾ. ಆಗ ತಿ. ನರಸೀಪುರ ತಾಲ್ಲೂಕಿನಲ್ಲಿ, ಮೂಗೂರಿನ ಆಚೆಗಿನ ಒಂದು ಉಪಕೇಂದ್ರದಲ್ಲಿದ್ದೆ. ನಾಲ್ಕು ಹಳ್ಳಿಗಳು ನನ್ನ ಪಾಲಿಗೆ. ಬಸುರಿಯರು, ಬಾಣಂತಿಯರು, ಎಳೆಮಕ್ಕಳ ಚುಚ್ಚುಮದ್ದು, ಕ್ಷಯದವರ ಮಾತ್ರೆ, ಇವುಗಳ ನಡುವೆ ಜ್ವರದ ಮನೆಗಳಿಗೆ ಭೇಟಿ. ಇಷ್ಟಕ್ಕೂ ಒಂದೊಂದು ರಿಜಿಸ್ಟರು. ರಿಜಿಸ್ಟರುಗಳ ಮೇಲೆ ಇಲಾಖೆ ಕೊಟ್ಟ ಒಂದು ಟ್ಯಾಬು. ಆ ಟ್ಯಾಬಿನಲ್ಲಿ ಹೆಸರು ತುಂಬಿಸಿ ಮುಗಿಸುವ ಹೊತ್ತಿಗೆ ನೆಟ್‌ವರ್ಕ್ ಹೋಗಿರುತ್ತಿತ್ತು. ಬರೆದದ್ದೆಲ್ಲ ನೀರಿನಲ್ಲಿ ಹೋಮ. ಒಂದು ಸಂಜೆ ಮನೆಗೆ ಬಂದು ಟ್ಯಾಬನ್ನು ದಿಂಬಿನ ಮೇಲೆ ಎಸೆದು ಅಳುವುದಕ್ಕೆ ಕುಳಿತಿದ್ದೆ. ನೆಲಕ್ಕೆ ಎಸೆಯುವಷ್ಟು ಧೈರ್ಯ ಇರಲಿಲ್ಲ.

ನಮ್ಮನೆಯವರು ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ನಿರ್ವಹಣೆ ನೋಡಿಕೊಳ್ಳುತ್ತಾರೆ. ಯಾವ ಯಂತ್ರಕ್ಕೆ ಯಾವಾಗ ಎಣ್ಣೆ ಹಾಕಬೇಕು, ಯಾವ ಬೆಲ್ಟು ಯಾವಾಗ ಬದಲಾಗಬೇಕು ಎಂಬುದನ್ನೆಲ್ಲ ಅವರು ನೋಟ್‌ಪ್ಯಾಡಿನಲ್ಲಿ ಬರೆದಿಡುತ್ತಿದ್ದರು. ಬಣ್ಣವಿಲ್ಲ, ಗೆರೆಯಿಲ್ಲ, ಚೌಕವಿಲ್ಲ; ಬರೀ ಅಕ್ಷರ. ಅವತ್ತು ತಮ್ಮ ಹಳೆಯ ಲ್ಯಾಪ್‌ಟಾಪನ್ನು ನನ್ನ ಮುಂದಿಟ್ಟು, “ನೋಡು, ಆ್ಯಪ್ ಇವತ್ತು ಇರ್ತದೆ, ನಾಳೆ ಇರಲ್ಲ. ಇದಕ್ಕೆ ನೆಟ್ಟೂ ಬೇಡ, ಪಾಸ್‌ವರ್ಡೂ ಬೇಡ. ಹತ್ತು ವರ್ಷ ಬಿಟ್ಟು ಯಾವ ಕಂಪ್ಯೂಟರಿನಲ್ಲಿ ತೆಗೆದರೂ ತೆಗೀತದೆ. ಒಂದು ಕೆಲಸಕ್ಕೆ ಒಂದು ಸಾಲು. ಮುಗಿದ ಸಾಲನ್ನ ಕತ್ತರಿಸಿ ಇನ್ನೊಂದು ಫೈಲಿಗೆ ಹಾಕು. ಇಷ್ಟೇ” ಎಂದರು. ಕನ್ನಡವನ್ನು ಹಳೆಯ ಫಾಂಟಿನಲ್ಲಿ ಟೈಪು ಮಾಡಿದರೆ ಬೇರೆ ಕಂಪ್ಯೂಟರಿನಲ್ಲಿ ಕಾಗೆ ಕಾಲು ಗುಬ್ಬಿ ಕಾಲಾಗುತ್ತದೆ ಎಂದು ಯೂನಿಕೋಡಿನಲ್ಲಿ ಟೈಪು ಮಾಡುವುದನ್ನೂ ಅವರೇ ಕಲಿಸಿದರು.

ನಾನು ನಾಲ್ಕು ಫೈಲು ಮಾಡಿಕೊಂಡೆ. ‘ಇವತ್ತು’, ‘ತಾಯಂದಿರು’, ‘ಮನೆ’, ‘ಮುಗಿದದ್ದು’. ‘ತಾಯಂದಿರು’ ಫೈಲಿನಲ್ಲಿ ಒಬ್ಬೊಬ್ಬ ಬಸುರಿಗೆ ಒಂದೊಂದು ಸಾಲು: ಮುಂದಿನ ಭೇಟಿಯ ತಾರೀಕು, ಊರು, ಹೆಸರು, ಎಷ್ಟನೇ ತಿಂಗಳು, ಮಾಡಬೇಕಾದದ್ದು ಏನು. ತಾರೀಕು ಮೊದಲಿಗೇ ಇರುವುದರಿಂದ ಬೆಳಿಗ್ಗೆ ಎದ್ದು ಆ ದಿನದ ತಾರೀಕು ಹುಡುಕಿದರೆ ಯಾರ ಮನೆಗೆ ಹೋಗಬೇಕೋ ಅಷ್ಟು ಸಾಲುಗಳೂ ಎದುರಿಗೆ ನಿಲ್ಲುತ್ತಿದ್ದವು. ‘ಮನೆ’ ಫೈಲಿನಲ್ಲಿ ‘ಅತ್ತೆಯ ಕಣ್ಣು ತೋರಿಸುವುದು’ ಎಂಬ ಸಾಲು ಎಂಟು ತಿಂಗಳು ಅಲುಗಾಡದೆ ಕೂತಿತ್ತು. ಅದರ ಬಗ್ಗೆ ಅತ್ತೆ ಈಗಲೂ ಆಡಿಕೊಳ್ಳುತ್ತಾರೆ. ಊರ ಹೆಂಗಸರಿಗೆಲ್ಲ ತಾರೀಕಿದೆ, ನನಗಿಲ್ಲ ಎನ್ನುತ್ತಾರೆ.

ಶನಿವಾರ ಮಧ್ಯಾಹ್ನ ಮುಗಿದ ಸಾಲುಗಳನ್ನು ಕತ್ತರಿಸಿ ‘ಮುಗಿದದ್ದು’ ಫೈಲಿಗೆ ಅಂಟಿಸುವುದು ನನ್ನ ವಾರದ ಸುಖವಾಯಿತು. ಇದನ್ನು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಆದರೆ ನಲವತ್ತು ಸಾಲಿನ ಪಟ್ಟಿ ಇಪ್ಪತ್ತೆಂಟಾದಾಗ ಆಗುವ ಹಗುರ ಬೇರೆ ಯಾವುದರಲ್ಲೂ ಸಿಗುತ್ತಿರಲಿಲ್ಲ. ತಿಂಗಳ ಸಭೆಯಲ್ಲಿ ಬೇರೆ ಸಿಸ್ಟರುಗಳು ರಿಜಿಸ್ಟರಿನ ಹಾಳೆ ಮಗುಚುತ್ತಾ ಬೆವರುತ್ತಿದ್ದರೆ ನಾನು ಎರಡು ಕೀಲಿ ಒತ್ತಿ ಉತ್ತರ ಹೇಳುತ್ತಿದ್ದೆ. ವೈದ್ಯಾಧಿಕಾರಿಗಳು ಎಲ್ಲರ ಮುಂದೆ, “ಮಂಗಳಾ ಅವರನ್ನು ನೋಡಿ ಕಲೀರಿ” ಎಂದರು. ಕೋಡು ಮೂಡುವುದಕ್ಕೆ ಅಷ್ಟು ಸಾಕಾಗಿತ್ತು.

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಏಳನೇ ತಿಂಗಳಲ್ಲಿ ಮಡಿಲು ತುಂಬಿ ಕಳಿಸುತ್ತಾರೆ. ಎಂಟಕ್ಕೆ ಕಾಲಿಟ್ಟ ಮೇಲೆ ಕಳಿಸುವುದಿಲ್ಲ. ಹೀಗೆ ಗಂಡನ ಊರಿನ ಸಿಸ್ಟರು ಆರು ತಿಂಗಳು ನೋಡಿಕೊಂಡ ಹುಡುಗಿ ಒಂದು ದಿನ ಇದ್ದಕ್ಕಿದ್ದಂತೆ ಇನ್ನೊಂದು ತಾಲ್ಲೂಕಿನ ಸಿಸ್ಟರಿನ ಪಾಲಿಗೆ ಹೋಗಿಬಿಡುತ್ತಾಳೆ. ಅದಕ್ಕೆ ನಮ್ಮ ನಮ್ಮಲ್ಲೇ ಒಂದು ಪದ್ಧತಿ. ಈ ಕಡೆಯವಳು ಆ ಕಡೆಯವಳಿಗೆ ಫೋನು ಮಾಡಿ, ಇಂಥವಳು ನಿಮ್ಮ ಊರಿಗೆ ಬಂದಿದ್ದಾಳೆ, ಇಂಥದ್ದು ನೋಡಿಕೊಳ್ಳಿ ಎಂದು ಹೇಳಬೇಕು. ಹೇಳಿದ ಮೇಲೆ ಆಕೆ ನಮ್ಮ ಪಟ್ಟಿಯಿಂದ ಹೋದಳು. ಫೈಲು ಮಾಡಿಕೊಂಡ ಮೇಲೆ ನಾನೂ ಹಾಗೆಯೇ ‘ತವರಿಗೆ ಹೋದಳು’ ಎಂದು ಬರೆದು ಆ ಸಾಲನ್ನು ‘ಮುಗಿದದ್ದು’ ಫೈಲಿಗೆ ಹಾಕುತ್ತಿದ್ದೆ.

ಆ ವರ್ಷ ಹೊಳೆ ಎರಡು ಸಲ ಏರಿತು. ಮೊದಲ ಸಲ ಏರಿದ್ದು ಆಷಾಢ ಹುಟ್ಟುವುದಕ್ಕೆ ಎರಡು ದಿನ ಮೊದಲು. ಅದೇ ವಾರ ಸವಿತಾ ತವರಿಗೆ ಹೊರಟಳು.

ಸವಿತಾಗೆ ಇಪ್ಪತ್ತೆರಡು ವರ್ಷ, ಮೊದಲನೇ ಬಸುರು. ಗಂಡ ಸಿದ್ದರಾಜು ಮನೆಗಳಿಗೆ ಬಣ್ಣ ಹೊಡೆಯುವ ಕೆಲಸದವನು. ಮಾತು ಕಡಿಮೆ, ನಗು ಜಾಸ್ತಿ ಇದ್ದ ಹುಡುಗಿ. ನಾನು ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದರೆ ಕಚಗುಳಿ ಎಂದು ನಗುತ್ತಿದ್ದಳು. ಆ ವಾರ ನೋಡಿದಾಗ ಮೇಲಿನದು ನೂರಮೂವತ್ತು, ಕೆಳಗಿನದು ತೊಂಬತ್ತು ಇತ್ತು. ಪಾದ ಸ್ವಲ್ಪ ಊದಿತ್ತು. ಹೆದರುವಂಥದ್ದಲ್ಲ, ಆದರೆ ಬಿಡುವಂಥದ್ದೂ ಅಲ್ಲ. ಅವಳ ಸಾಲಿನಲ್ಲಿ ‘ವಾರಕ್ಕೊಂದು ಸಲ ಬಿ.ಪಿ., ತಪ್ಪದೆ’ ಎಂದು ಬರೆದೆ. ಅವಳ ತವರು ಬದನವಾಳಿನಿಂದ ಒಳಗೆ ಹೋದರೆ ಸಿಗುವ ಒಂದು ಸಣ್ಣ ಊರು, ನಂಜನಗೂಡು ತಾಲ್ಲೂಕು. ಹೊರಡುವ ದಿನ ಅವಳ ಅವ್ವ ದೊಡ್ಡತಾಯಮ್ಮ ಕರೆದುಕೊಂಡು ಹೋಗಲು ಬಂದಿದ್ದರು. ಖಾದಿ ನೂಲುವ ಕೆಲಸ ಮಾಡಿ ಬೆರಳ ತುದಿ ನುಣ್ಣಗಾದ ಹೆಂಗಸು.

“ಅಲ್ಲಿ ಆಸ್ಪತ್ರೆ ದೂರ ಕಣವ್ವ, ವಾರ್‌ವಾರ ಎಂಗೆ ಕರ್ಕಂಡೋಗದು ಈ ಮಳೇಲಿ?” ಎಂದು ದೊಡ್ಡತಾಯಮ್ಮ ಕೇಳಿದರು.

“ನೀವು ಎಲ್ಲೂ ಹೋಗಬೇಡಿ. ನಿಮ್ಮ ಕಡೆ ಶಿವಮ್ಮ ಸಿಸ್ಟರ್ ಇದ್ದಾರೆ, ನಾನು ಅವರಿಗೆ ಹೇಳ್ತೀನಿ. ಮಂಗಳವಾರ ಅವರು ಆ ಕಡೆ ಬರೋ ದಿನ. ಮನೆಗೇ ಬಂದು ನೋಡ್ತಾರೆ” ಎಂದೆ. ಸವಿತಾ ಕಡೆ ತಿರುಗಿ, “ನೀನು ಈ ಮಳೇಲಿ ಓಡಾಡಬೇಡ, ಕಾಯ್ತಾ ಇರು” ಎಂದೂ ಹೇಳಿದೆ. ಈ ಮಾತನ್ನು ಹೇಳಿದವಳು ನಾನೇ. ಆಗ ಅದು ಜವಾಬ್ದಾರಿಯ ಮಾತು ಎಂದುಕೊಂಡಿದ್ದೆ.

ಶನಿವಾರ ಬಂತು. ಹೊಳೆದಂಡೆಯ ಕೇರಿಗಳಿಗೆ ನೀರು ನುಗ್ಗಿ ಜನರನ್ನು ಶಾಲೆಗೆ ಸಾಗಿಸಿದ್ದರು. ಅಲ್ಲಿನ ಶಿಬಿರಕ್ಕೆ ನನ್ನನ್ನೂ ಹಾಕಿದ್ದರು. ಜೀಪು ಬರುವುದಕ್ಕೆ ಇನ್ನು ಕಾಲು ಗಂಟೆ ಇತ್ತು. ಪಟ್ಟಿಯಲ್ಲಿ ಐವತ್ತರ ಹತ್ತಿರ ಸಾಲುಗಳು. ಶಿಬಿರಕ್ಕೆ ಹೋದರೆ ಇನ್ನೂ ಬೆಳೆಯುತ್ತದೆ ಎಂದು ಅವಸರವಾಗಿ ಕೂತು ಮುಗಿದದ್ದನ್ನೆಲ್ಲ ಕತ್ತರಿಸಿ ಆಚೆ ಹಾಕತೊಡಗಿದೆ. ಸವಿತಾ ಸಾಲಿನ ಕೊನೆಗೆ ‘ತವರಿಗೆ ಹೋದಳು’ ಎಂದು ಸೇರಿಸಿ ಅದನ್ನೂ ಹಾಕಿದೆ. ಶಿವಮ್ಮ ಸಿಸ್ಟರಿಗೆ ಫೋನು ಇನ್ನೂ ಆಗಿರಲಿಲ್ಲ. ಜೀಪಿನಲ್ಲಿ ಕೂತು ಮಾಡಿದರಾಯಿತು, ಒಂದು ಫೋನಿಗೆ ಒಂದು ಸಾಲು ಯಾತಕ್ಕೆ ಎಂದುಕೊಂಡೆ. ಪಟ್ಟಿ ಉದ್ದವಾಗುವುದು ಬೇಕಿರಲಿಲ್ಲ, ಅಷ್ಟೇ. ಜೀಪಿನಲ್ಲಿ ನನ್ನ ತೊಡೆಯ ಮೇಲೆ ಔಷಧಿಯ ಡಬ್ಬ, ಪಕ್ಕದಲ್ಲಿ ವಾಂತಿ ಮಾಡುತ್ತಿದ್ದ ಒಬ್ಬ ಅಜ್ಜ. ಶಿಬಿರದಲ್ಲಿ ಆರು ದಿನ. ಹಿಂದಕ್ಕೆ ಬಂದು ಬೆಳಿಗ್ಗೆ ಫೈಲು ತೆಗೆದರೆ ‘ತಾಯಂದಿರು’ ಪಟ್ಟಿಯಲ್ಲಿ ಸವಿತಾ ಇರಲಿಲ್ಲ. ಇಲ್ಲದವಳು ನೆನಪಾಗಲೂ ಇಲ್ಲ. ನೆನಪಿಡುವ ಕೆಲಸವನ್ನು ನಾನು ಫೈಲಿಗೆ ಒಪ್ಪಿಸಿ ಎಷ್ಟೋ ತಿಂಗಳಾಗಿತ್ತು.

ಆಷಾಢ ಪೂರ್ತಿ ಕಳೆಯಿತು. ಗದ್ದೆಗಳಲ್ಲಿ ನಾಟಿ ನಡೆಯಿತು. ನಾನು ಡೆಂಗಿ ಸರ್ವೆ ಎಂದು ಮನೆ ಮನೆಯ ತೊಟ್ಟಿ ಇಣುಕುತ್ತಾ ಓಡಾಡಿದೆ. ಶ್ರಾವಣದ ಮೊದಲಿಗೆ ಹೊಳೆ ಎರಡನೇ ಸಲ ಏರಿ, ನಂಜನಗೂಡಿನಿಂದ ಮೈಸೂರಿಗೆ ಹೋಗುವ ರಸ್ತೆಗೆ ನೀರು ಬಂತು. ಒಂದು ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಉಪಕೇಂದ್ರದ ಬಾಗಿಲಲ್ಲಿ ಸಿದ್ದರಾಜು ನಿಂತಿದ್ದ. ತಲೆಯ ಮೇಲೆ ಬಣ್ಣದ ಹನಿಗಳು ಹಾಗೇ ಇದ್ದವು.

“ಸಿಸ್ಟ್ರೇ, ಮಗಾ ಓಯ್ತು” ಎಂದ.

ನಿಂತಲ್ಲೇ ಎಲ್ಲ ಹೇಳಿದ. ಭಾನುವಾರದಿಂದ ತಲೆನೋವು ಎನ್ನುತ್ತಿದ್ದಳಂತೆ, ಕಣ್ಣು ಮಂಜು ಎನ್ನುತ್ತಿದ್ದಳಂತೆ. ಪಿತ್ತ ಇರಬೇಕು ಎಂದು ನಿಂಬೆಹಣ್ಣಿನ ಪಾನಕ ಕೊಟ್ಟಿದ್ದಾರೆ. ಸೋಮವಾರ ಬೆಳಿಗ್ಗೆ ತಿಂಡಿಗೆ ಕೂತವಳಿಗೆ ಬಿ.ಪಿ. ಏರಿ ಫಿಟ್ಸು ಬಂದಿದೆ. ಆಂಬುಲೆನ್ಸು ಬಂತು, ಆದರೆ ರಸ್ತೆಯಲ್ಲಿ ನೀರಿದ್ದದ್ದಕ್ಕೆ ಸುತ್ತಿ ಬಳಸಿ ಮೈಸೂರು ಮುಟ್ಟಬೇಕಾಯಿತು. ಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಅವಳಿಗೆ ಇನ್ನೂ ಪ್ರಜ್ಞೆ ಬಂದಿಲ್ಲ. ಅವನು ನನ್ನ ಮೇಲೆ ಸಿಟ್ಟಾಗಲು ಬಂದಿರಲಿಲ್ಲ. ಬಸುರಿನ ತಪಾಸಣೆ ಬರೆಯುವ ಅವಳ ತಾಯಿ ಕಾರ್ಡಿನ ಒಂದು ಹಾಳೆ ಹರಿದಿತ್ತು, ಆಸ್ಪತ್ರೆಯವರು ಹಳೆಯ ಬಿ.ಪಿ. ಎಷ್ಟಿತ್ತು ಎಂದು ಕೇಳುತ್ತಿದ್ದರು, ಅದನ್ನು ಬರೆಸಿಕೊಂಡು ಹೋಗಲು ಬಂದಿದ್ದ.

ನಾನು ಲ್ಯಾಪ್‌ಟಾಪು ತೆಗೆದು ಅವಳ ಹೆಸರು ಹುಡುಕಿದೆ. ‘ತಾಯಂದಿರು’ ಫೈಲಿನಲ್ಲಿ ಇಲ್ಲ ಎಂದು ಬಂತು. ‘ಮುಗಿದದ್ದು’ ಫೈಲಿನಲ್ಲಿತ್ತು. ‘ವಾರಕ್ಕೊಂದು ಸಲ ಬಿ.ಪಿ., ತಪ್ಪದೆ. ತವರಿಗೆ ಹೋದಳು.’ ಐದು ವಾರಕ್ಕೂ ಮೇಲೆ ಆಗಿತ್ತು. ಚೀಟಿಯಲ್ಲಿ ನೂರಮೂವತ್ತು, ತೊಂಬತ್ತು ಎಂದು ಬರೆದುಕೊಟ್ಟೆ. ಅವನು ಅದನ್ನು ಜೇಬಿಗಿಟ್ಟು, “ಬತ್ತೀನಿ ಸಿಸ್ಟ್ರೇ” ಎಂದು ಬಸ್ಸಿಗೆ ಓಡಿದ. ನಾನು ಒಳಗೆ ಬಾಗಿಲು ಹಾಕಿಕೊಂಡು ನೆಲದ ಮೇಲೆ ಕೂತೆ.

ಅವನು ಬಂದು ಹೋದ ಮೂರನೆಯ ದಿನ ಸವಿತಾಗೆ ಪ್ರಜ್ಞೆ ಬಂತು ಎಂಬ ಸುದ್ದಿ ಬಂತು. ಅದರ ಮರುವಾರವೇ ಸಭೆಯ ನೋಟಿಸು. ಹೀಗೆ ಮಗು ಹೋದಾಗ ಎಲ್ಲಿ ತಪ್ಪಾಯಿತು ಎಂದು ನೋಡುವ ಸಭೆ ನಂಜನಗೂಡಿನಲ್ಲಿ ನಡೆಯುತ್ತದೆ, ಎರಡೂ ಕಡೆಯ ಸಿಸ್ಟರುಗಳು ದಾಖಲೆ ಸಮೇತ ಬರಬೇಕು. ಫೋನು ಮಾಡಿದ್ದನ್ನು ಬರೆಯಲು ರಿಜಿಸ್ಟರಿನಲ್ಲಿ ಜಾಗವಿಲ್ಲ; ಅದಕ್ಕೆ ನನ್ನ ದಾಖಲೆ ಎಂದರೆ ಆ ಫೈಲೇ.

ಸಭೆಯ ಹಿಂದಿನ ದಿನ ಮಧ್ಯಾಹ್ನ ಫೈಲು ತೆಗೆದು ಆ ಸಾಲಿನ ಮುಂದೆ ಬಹಳ ಹೊತ್ತು ಕೂತಿದ್ದೆ. ರಿಜಿಸ್ಟರಾಗಿದ್ದರೆ ತಿದ್ದಿದ ಶಾಯಿ ಕಾಣುತ್ತದೆ. ಟ್ಯಾಬಿನಲ್ಲಿ ತಿದ್ದಿದರೆ ಯಾರು ಯಾವಾಗ ತಿದ್ದಿದರು ಎಂದು ಮೇಲಿನವರಿಗೆ ಗೊತ್ತಾಗುತ್ತದೆ. ಬರೀ ಅಕ್ಷರದ ಫೈಲಿನಲ್ಲಿ ಯಾವ ಗುರುತೂ ಉಳಿಯುವುದಿಲ್ಲ. ‘ತವರಿಗೆ ಹೋದಳು’ ಎಂಬುದರ ಪಕ್ಕಕ್ಕೆ ‘ಶಿವಮ್ಮ ಸಿಸ್ಟರಿಗೆ ಫೋನಿನಲ್ಲಿ ತಿಳಿಸಿದೆ’ ಎಂದು ಟೈಪು ಮಾಡಿದೆ. ಟೈಪು ಮಾಡಿದ ಮೇಲೆ ಆ ಮಾತು ಹಳೆಯ ಮಾತಿನಷ್ಟೇ ಹಳೆಯದಾಗಿ ಕಂಡಿತು. ಪಟ್ಟಣಕ್ಕೆ ಹೋಗಿ ಪ್ರಿಂಟು ತೆಗೆಸಿದೆ. ನಮ್ಮನೆಯವರಿಗೂ ಹೇಳಲಿಲ್ಲ. ನೌಕರಿಯ ಭಯ ಇತ್ತು, ಸುಳ್ಳು ಹೇಳುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಎಲ್ಲರೂ ನೋಡಿ ಕಲಿಯಬೇಕಾದ ಮಂಗಳಾ ಆಗಿ ಉಳಿಯುವ ಆಸೆಯಿತ್ತು.

ಶಿವಮ್ಮ ಸಿಸ್ಟರನ್ನು ಆ ಸಭೆಗೆ ಮೊದಲು ನಾನು ಎರಡು ಮೂರು ಸಲ ನೋಡಿದ್ದೆ, ಅಷ್ಟೇ. ನಿವೃತ್ತಿಗೆ ಇನ್ನೊಂದು ವರ್ಷ ಇದ್ದವರು. ಬಿಳಿ ಕೂದಲಿಗೆ ಎಣ್ಣೆ ಹಾಕಿ ಬಿಗಿಯಾಗಿ ಕಟ್ಟಿದ ತುರುಬು, ಕೈಯಲ್ಲಿ ತಂತಿ ಚೀಲ. ಅವರು ಬರೆದಿಡುವವರಲ್ಲ. ತಮ್ಮ ಊರುಗಳ ಬಸುರಿಯರೆಲ್ಲ ಅವರ ತಲೆಯಲ್ಲೇ ಇರುತ್ತಿದ್ದರು. ರಿಜಿಸ್ಟರನ್ನು ತಿಂಗಳ ಕೊನೆಗೆ ನೆನಪಿನಿಂದಲೇ ತುಂಬುತ್ತಿದ್ದರಂತೆ. ಆ ಊರಿನ ಆಶಾ ಕಾರ್ಯಕರ್ತೆ ಆಷಾಢಕ್ಕೆ ಮೊದಲೇ ಕೆಲಸ ಬಿಟ್ಟಿದ್ದಳು. ಹೀಗಾಗಿ ಸವಿತಾ ಬಂದಿದ್ದಾಳೆ ಎಂದು ಶಿವಮ್ಮನವರಿಗೆ ಹೇಳುವವರು ಯಾರೂ ಇರಲಿಲ್ಲ, ನನ್ನನ್ನು ಬಿಟ್ಟರೆ.

ಹಿರಿಯ ಡಾಕ್ಟರು ನನ್ನ ಪ್ರಿಂಟನ್ನು ಓದಿ, ಶಿವಮ್ಮನವರ ಕಡೆ ತಿರುಗಿದರು. “ಇಲ್ಲಿ ಫೋನಿನಲ್ಲಿ ತಿಳಿಸಿದೆ ಅಂತ ಬರೆದಿದ್ದಾರಲ್ಲಮ್ಮ. ನೀವು ಯಾಕೆ ಹೋಗಲಿಲ್ಲ?”

ಅವರು ಇಲ್ಲ ಎನ್ನುತ್ತಾರೆ, ನಾನು ಹೌದು ಎನ್ನಬೇಕಾಗುತ್ತದೆ ಎಂದು ಸಿದ್ಧಳಾಗಿ ಕೂತಿದ್ದೆ. ಶಿವಮ್ಮನವರು ನನ್ನ ಮುಖ ನೋಡಿದರು, ಆಮೇಲೆ ಆ ಕಾಗದ ನೋಡಿದರು. ಹಣೆಯ ಮೇಲೆ ಕೈಯಿಟ್ಟುಕೊಂಡು ನೆನಪು ಮಾಡಿಕೊಳ್ಳಲು ನೋಡಿದರು.

“ಬಂದಿರ್ಬೌದು ಸಾ. ಆ ವಾರ ನೀರು ಬಂದಿತ್ತಲ್ಲ, ದಿನುಕ್ಕೆ ಇಪ್ಪತ್ತು ಫೋನು. ಬರ್ದದೆ ಅಂದ್ಮೇಲೆ ಈ ಉಡ್ಗಿ ಫೋನು ಮಾಡೇ ಇರ್ತಾಳೆ. ನಾನೇ ಮರ್ತಿರ್ಬೇಕು.”

ಡಾಕ್ಟರು ಅದನ್ನು ಬರೆದುಕೊಂಡರು. ನಾನು ಬಾಯಿ ಬಿಡಲಿಲ್ಲ. ಆ ಸಭೆಯಲ್ಲಿ ನಾಲಿಗೆ ಎತ್ತುವುದಕ್ಕೆ ಎಷ್ಟು ಸಲ ಅವಕಾಶವಿತ್ತು ಎಂದು ಎಣಿಸಿದ್ದೇನೆ. ಮೂರು ಸಲ.

ಸಭೆ ಮುಗಿದ ಮೇಲೆ ಬಸ್ಸಿಗೆ ಹೊತ್ತಿತ್ತು. ಮಳೆ ಹನಿಯುತ್ತಿತ್ತು. “ಬಾರವ್ವ, ಟೀ ಕುಡ್ಯವ” ಎಂದು ಶಿವಮ್ಮನವರೇ ನನ್ನನ್ನು ಎದುರಿನ ಅಂಗಡಿಗೆ ಕರೆದುಕೊಂಡು ಹೋದರು. ಲೋಟ ಕೈಯಲ್ಲಿ ಹಿಡಿದರು, ಕುಡಿಯಲಿಲ್ಲ.

“ನಮ್ಮವ್ವ ಕೊನೆಗಾಲುಕ್ಕೆ ನನ್ನೇ ಯಾರು ಅಂತ ಕೇಳ್ತಿದ್ಲು ಕಣವ್ವ. ನಂಗೂ ಅದೇ ಸುರು ಆಯ್ತೇನೋ. ಒಲೆ ಮ್ಯಾಲಿನ ಆಲು ಮರ್ತ್ರೆ ಮರೀಬೌದು, ಬಸ್ರಿ ಎಂಗ್ಸ ಮರೀಬೌದಾ? ಇನ್ನೂ ಯಾರ್ಯಾರ್ನ ಮರ್ತಿದ್ದೀನೋ ಏನೋ. ನಾಳಿಂದ ಒಂದೊಂದೂರೂ ತಿರ್ಗ ಮನೆ ಮನೆ ನೋಡ್ಕ ಬತ್ತೀನಿ.” ಆಮೇಲೆ ದನಿ ತಗ್ಗಿಸಿ, “ನಿನ್ ತರ ಕಂಪ್ಯೂಟ್ರಲ್ಲಿ ಬರ್ಯದ ನಂಗೂ ಏಳ್ಕೊಡವ್ವ. ಅಕ್ಸರ ಬತ್ತದೆ ನಂಗೆ. ನಿಧಾನುಕ್ಕೆ ಕಲ್ತ್ಕತೀನಿ” ಎಂದರು.

ಸವಿತಾ ಮಗು ಹೋದಾಗ ಬಾರದ ಅಳು ಆಗ ಬಂತು. ಅಂಗಡಿಯವನು ನೋಡುತ್ತಿದ್ದಾನೆ ಎಂಬುದನ್ನೂ ಲೆಕ್ಕಿಸದೆ ಹೇಳಿಬಿಟ್ಟೆ. “ಅಕ್ಕ, ನಾನು ಫೋನೇ ಮಾಡಿಲ್ಲ. ಆ ಮಾತು ನಿನ್ನೆ ಬರೆದದ್ದು.”

ಅವರು ಲೋಟ ಕೆಳಗಿಟ್ಟರು.

“ಅಂಗಾದ್ರೆ ನಾನು ಮರ್ತಿಲ್ಲ.”

“ಇಲ್ಲಕ್ಕ. ನಿಮಗೆ ಫೋನೇ ಬಂದಿಲ್ಲ.”

ಬೈಯುತ್ತಾರೆ ಎಂದುಕೊಂಡೆ. ಕಣ್ಣು ಮುಚ್ಚಿಕೊಂಡು ದೊಡ್ಡದಾಗಿ ಒಂದು ಉಸಿರು ಬಿಟ್ಟರು. ತನ್ನ ತಲೆ ನೆಟ್ಟಗಿದೆ ಎಂಬ ನೆಮ್ಮದಿ ಮೊದಲು ಬಂತು ಅವರಿಗೆ; ಅದನ್ನು ಕಣ್ಣಾರೆ ಕಂಡೆ. ಸಿಟ್ಟು ಆಮೇಲೆ ಬಂತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದರು.

“ಏಳು. ಡಾಕ್ಟ್ರು ಇನ್ನೂ ಓಗಿರಲ್ಲ.”

ನಾನು ಅವರ ಹಿಂದೆ ನಡೆದೆ. ಡಾಕ್ಟರು ಜೀಪು ಹತ್ತುವುದರಲ್ಲಿದ್ದರು. ನಾನು ಹೇಳಿದ್ದನ್ನು ನಿಂತೇ ಕೇಳಿ, ಮತ್ತೆ ಒಳಗೆ ಬಂದು ಕೂತು, ಅದೇ ಪ್ರಿಂಟಿನ ಮೇಲೆ ಆ ಮಾತಿನ ಕೆಳಗೆ ಗೆರೆ ಎಳೆದು, “ನಿಮ್ಮ ಕೈಯಲ್ಲೇ ಬರೆಯಿರಿ” ಎಂದು ಪೆನ್ನು ಕೊಟ್ಟರು. ‘ಫೋನು ಮಾಡಿರುವುದಿಲ್ಲ. ಸಭೆಯ ಹಿಂದಿನ ದಿನ ಸೇರಿಸಿದ್ದು’ ಎಂದು ಬರೆದು ಸಹಿ ಹಾಕಿದೆ. ಎಂಟು ದಿನದಲ್ಲಿ ನೋಟಿಸು ಬಂತು. ಆರು ತಿಂಗಳು ನನ್ನನ್ನು ಹಳ್ಳಿಗಳಿಂದ ತೆಗೆದು ಔಷಧಿ ಉಗ್ರಾಣಕ್ಕೆ ಹಾಕಿದರು. ತಿಂಗಳ ಸಭೆಯಲ್ಲಿ ಯಾರೂ ನನ್ನ ಪಕ್ಕ ಕೂರುತ್ತಿರಲಿಲ್ಲ. ಕೂರಬೇಕು ಎಂದು ನನಗೂ ಅನ್ನಿಸುತ್ತಿರಲಿಲ್ಲ.

ನಮ್ಮನೆಯವರು ಎಲ್ಲವನ್ನೂ ಕೇಳಿದರು. ಆಮೇಲೆ, “ನಮ್ಮಲ್ಲಿ ಒಂದು ಪಾಳಿಯವನು ಇನ್ನೊಂದು ಪಾಳಿಯವನಿಗೆ ಯಂತ್ರ ಒಪ್ಪಿಸಿದ ಅಂದರೆ, ಅವನು ಬಂದು ಮುಟ್ಟಿ ನೋಡೋವರೆಗೆ ಇವನು ಹೋಗೋ ಹಾಗಿಲ್ಲ. ಅದನ್ನ ನಾನು ನಿನಗೆ ಹೇಳಿಕೊಡಲಿಲ್ಲ” ಎಂದರು. ಈಗ ನನ್ನ ಫೈಲಿನಲ್ಲಿ ತವರಿಗೆ ಹೋದವಳ ಸಾಲು, ಆ ಕಡೆಯ ಸಿಸ್ಟರು ಅವಳನ್ನು ಕಣ್ಣಾರೆ ನೋಡಿ ನನಗೆ ಹೇಳುವವರೆಗೆ ಅಲುಗಾಡುವುದಿಲ್ಲ. ಆದರೆ ಈ ಬುದ್ಧಿ ಬಂದದ್ದು ಹೇಗೆ ಎಂದು ಯಾರಾದರೂ ಕೇಳಿದರೆ ಮಾತು ಮರೆಸುತ್ತೇನೆ.

ಉಗ್ರಾಣಕ್ಕೆ ಸೇರುವ ಮೊದಲು ಶಿವಮ್ಮನವರು ಫೋನು ಮಾಡಿದರು. “ಡಾಕ್ಟ್ರಿಗೆ ಏಳ್ದೆ, ಸರಿ. ಆ ಉಡ್ಗಿಗೆ ಯಾರು ಏಳೋರು? ನಾಳೆ ಬಾ, ನಾನೂ ಬತ್ತೀನಿ.” ಇಬ್ಬರೂ ಬದನವಾಳಿನಲ್ಲಿ ಬಸ್ಸಿಳಿದು ಕೆಸರಿನಲ್ಲಿ ನಡೆದು ಹೋದೆವು.

ಒಂದೇ ಕೋಣೆಯ ಮನೆ, ಗೋಡೆಯ ಮೇಲೆ ಬುದ್ಧನ ಪಟ. ಸವಿತಾ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ತಲೆಗೆ ಸ್ಕಾರ್ಫು ಕಟ್ಟಿ, ಕಿವಿಗೆ ಹತ್ತಿ ಇಟ್ಟು, ಬಾಣಂತಿಗೆ ಮಾಡುವುದನ್ನೆಲ್ಲ ಮಾಡಿದ್ದರು. ದೊಡ್ಡತಾಯಮ್ಮ ಒಲೆಯ ಮುಂದೆ ನಮಗೆ ಬೆನ್ನು ಹಾಕಿ ಕೂತಿದ್ದರು. ನಾನು ಸವಿತಾ ಎದುರಿಗೆ ನೆಲದ ಮೇಲೆ ಕೂತು, ಏನನ್ನೂ ಮುಚ್ಚಿಡದೆ ಹೇಳಿದೆ. ಶಿವಮ್ಮನವರಿಗೆ ಹೇಳುತ್ತೇನೆ ಎಂದದ್ದು, ಹೇಳದೆ ಅವಳ ಸಾಲನ್ನು ಮುಗಿದದ್ದಕ್ಕೆ ಹಾಕಿದ್ದು, ಆಮೇಲೆ ಸುಳ್ಳು ಸೇರಿಸಿದ್ದು.

“ಮಂಗ್ಳಾರ ಮಂಗ್ಳಾರ ಬಾಗ್ಲಲ್ಲಿ ಕೂತಿರ್ತಿದ್ದೆ ಸಿಸ್ಟರ್” ಎಂದಳು ಸವಿತಾ. “ಮಳೆ ಅದಲ್ಲ, ಮುಂದಿನ ವಾರ ಬತ್ತಾರೆ ಅಂತ ಅವ್ವ ಅನ್ನೋಳು.”

ನಾನು ತಲೆ ತಗ್ಗಿಸಿದೆ. ಕ್ಷಮಿಸು ಎನ್ನುವ ಮಾತು ಬಾಯಲ್ಲಿತ್ತು. ಅದನ್ನು ಆಡಿದರೆ ಅವಳು ಏನಾದರೂ ಉತ್ತರ ಕೊಡಬೇಕಾಗುತ್ತದೆ ಎಂದು ಆಡಲಿಲ್ಲ. ಆಮೇಲೆ ಅವಳೇ ಕೇಳಿದಳು.

“ಮಗೀನ ಎಲ್ಲಿ ಬರ್ದಿದ್ದೀರಿ?”

ನನಗೆ ಅರ್ಥವಾಗಲಿಲ್ಲ.

“ನಿಮ್ ಪಟ್ಟೀಲಿ. ನನ್ನ ಬರ್ದಿದ್ರಲ್ಲ, ಅದ್ನ ಎಲ್ಲಿ ಬರ್ದಿದ್ದೀರಿ? ನಂಗೆ ಪ್ರಜ್ಞೆ ಬರೋ ಒತ್ಗೆ ಮಣ್ಣು ಮಾಡ್ಬುಟ್ಟಿದ್ರು. ಎಂಗಿತ್ತು ಅಂತ ಯಾರೂ ಏಳಲ್ಲ. ಕೇಳುದ್ರೆ ಮುಗೀತಲ್ಲ ಬುಡು, ಮುಂದ್ಕೆ ನೋಡು ಅಂತಾರೆ.”

ನಾನು ಎಲ್ಲೂ ಬರೆದಿರಲಿಲ್ಲ. ನನ್ನ ಅಷ್ಟು ಫೈಲುಗಳಲ್ಲಿ ಆ ಮಗುವಿಗೆ ಅಂತ ಒಂದು ಅಕ್ಷರ ಇರಲಿಲ್ಲ. ಹಾಗೆಂದು ಹೇಳಿದೆ.

“ಬರ್ಕೊಳಿ” ಎಂದಳು.

ಮೊಬೈಲು ತೆಗೆದು ಒಂದು ಖಾಲಿ ಫೈಲು ತೆರೆದೆ. ‘ಸವಿತಾಳ ಮಗು’ ಎಂದು ಟೈಪು ಮಾಡಿ ನಿಂತೆ. ಮುಂದೆ ಏನು ಬರೆಯಬೇಕೋ ನನಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಶಿವಮ್ಮನವರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಆಗ ಒಲೆಯ ಕಡೆಯಿಂದ, ನಮ್ಮ ಕಡೆ ತಿರುಗದೆ, ದೊಡ್ಡತಾಯಮ್ಮ ಮಾತಾಡಿದರು.

“ಗಂಡು. ಸ್ವಾಮಾರ, ಮೂರ್ ಗಂಟೆ ಮದ್ಯಾನ. ನರ್ಸು ಬಟ್ಟೆ ಸುತ್ತಿ ನನ್ ಕೈಗೆ ಕೊಟ್ರು. ಎಲ್ಡು ಕೇಜಿ ಇತ್ತು ಅಂದ್ರು. ತಲೆ ತುಂಬ ಕೂದ್ಲು. ಸವಿತಾ ಉಟ್ದಾಗ್ಲೂ ಅಂಗೇ ಇತ್ತು.”

ಸವಿತಾ ಗೋಡೆ ಬಿಟ್ಟು ಮುಂದಕ್ಕೆ ಬಾಗಿದಳು. “ಕಣ್ಣು?” ಎಂದಳು.

“ಮುಚ್ಚಿತ್ತು ಕಣವ್ವ. ಮಲ್ಗಿರೋ ತರ. ಮೂಗು ಸಿದ್ದರಾಜೂದೇ. ಬಲಗಿವಿ ಕೆಳ್ಗೆ ಒಂದು ಮಚ್ಚೆ ಇತ್ತು. ಬೆಳ್ಳು ಉದ್ದುದ್ದ. ನನ್ ಬೆಳ್ಳ ಅದ್ರ ಕೈಯೊಳಿಕ್ಕೆ ಇಟ್ಟು ನೋಡ್ದೆ.”

ಅವರು ಹೇಳುತ್ತಾ ಹೋದರು, ನಾನು ಒಂದು ಮಾತೂ ಬಿಡದೆ ಟೈಪು ಮಾಡುತ್ತಾ ಹೋದೆ. ಹೇಳುವುದು ಮುಗಿದಾಗ ಅವರು ಸೌದೆಯನ್ನು ಒಲೆಯೊಳಕ್ಕೆ ನೂಕಿದರು. ಹೊರಗೆ ಮಳೆ ನಿಂತಿತ್ತು.

“ಓದಿ ಸಿಸ್ಟರ್” ಎಂದಳು ಸವಿತಾ.

ಓದಿದೆ. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ಓದಿ ಮುಗಿದ ಮೇಲೆ, “ಇನ್ನೊಂದ್ಸಲ” ಎಂದಳು.